ಫ್ಲಾಪ್‌ನಲ್ಲಿ ಎದುರಿನವರು ಏರಿಸಿದರೆ ಎಕ್ಕದ ಜೋಡಿ ಇದ್ದವರು ಮತ್ತೆ ಏರಿಸಬೇಕಾ?

ಧಾರವಾಡದ ಸಪ್ತಾಪುರದ ರೂಮಿನಲ್ಲಿ ಗೆಳೆಯರ ಜೊತೆ ಬರೀ ಪ್ಲಾಸ್ಟಿಕ್ ಚಿಪ್ಸ್ ಇಟ್ಟು ಹೋಲ್ಡೆಮ್ (ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್) ಆಡುತ್ತೀರಿ ಅಂತ ಬರೆದಿದ್ದೀರಿ. ನಿಮ್ಮ ಕೈಯಲ್ಲಿ ಇಸ್ಪೀಟ್ ಎಕ್ಕ, ಡೈಮಂಡ್ ಎಕ್ಕ. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆ) ಆಟೀನ್ 9, ಆಟೀನ್ 8, ಕಳಾವರ್ 3. ಪಾಟ್‌ನಲ್ಲಿ (ನಡುವಿನ ಚಿಪ್ಸ್ ರಾಶಿ) 100 ಇತ್ತು, ನೀವು 60 ಹಾಕಿದಿರಿ, ಎದುರಿನವರು 180 ಮಾಡಿದರು. ಈಗ ರೀ-ರೇಸ್ (ಇನ್ನೂ ಏರಿಸುವುದು) ಮಾಡಬೇಕಾ, ಕಾಲ್ (ಅವರಷ್ಟೇ ಹಾಕಿ ಮುಂದುವರಿಯುವುದು) ಸಾಕಾ?

ಇಬ್ಬರ ಮುಂದೆಯೂ ಇನ್ನೂ ಸಾವಿರ, ಎರಡು ಸಾವಿರ ಚಿಪ್ಸ್ ಇದ್ದರೆ ನಾನು ಕಾಲ್ ಮಾಡುತ್ತೇನೆ.

ಏರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು ಇಷ್ಟೇ: ನನಗಿಂತ ಕಡಿಮೆ ಎಲೆ ಇದ್ದವರು ಇದನ್ನು ಕಾಲ್ ಮಾಡುತ್ತಾರಾ? ಅಥವಾ ನನಗಿಂತ ಒಳ್ಳೆ ಎಲೆ ಇದ್ದವರು ಬಿಟ್ಟು ಹೋಗುತ್ತಾರಾ? ಈ ಫ್ಲಾಪ್ ಮೇಲೆ 180 ಮಾಡುವವರು ಯಾರು ಅಂತ ನೋಡಿ. 9, 8 ಅಥವಾ 3ರ ಜೋಡಿ ಹಿಡಿದು ಸೆಟ್ (ಒಂದೇ ಅಂಕಿಯ ಮೂರು ಎಲೆ) ಆದವರು. 9-8 ಹಿಡಿದು ಎರಡು ಜೋಡಿ ಆದವರು. ಇವರ್ಯಾರೂ ಎಲೆ ಬಿಡುವುದಿಲ್ಲ. ಸೆಟ್ ಎದುರು ನಿಮ್ಮ ಎಕ್ಕ ಗೆಲ್ಲುವುದು ನೂರಕ್ಕೆ ಎಂಟೊಂಬತ್ತು ಸಲ ಅಷ್ಟೇ. ಇನ್ನು ಆಟೀನ್ ಜಾಕಿ-10 ಇದ್ದರೆ? ಅವರಿಗೆ 15 ಎಲೆ ಸಹಾಯಕ್ಕಿವೆ: ಫ್ಲಶ್ (ಒಂದೇ ಜಾತಿಯ ಐದು ಎಲೆ) ಮಾಡುವ 9 ಆಟೀನ್, ಸಾಲು ಮಾಡುವ ಉಳಿದ 6 ಎಲೆ (ರಾಣಿ, 7). ಟರ್ನ್, ರಿವರ್ (ಮೇಜಿನ ನಾಲ್ಕನೇ, ಐದನೇ ಎಲೆ) ಎರಡೂ ನೋಡಿದರೆ ಅವರೇ ಅರ್ಧಕ್ಕಿಂತ ತುಸು ಜಾಸ್ತಿ ಗೆಲ್ಲುತ್ತಾರೆ. ಬರೀ ಫ್ಲಶ್ ಡ್ರಾ (ಫ್ಲಶ್ ಆಗಲು ಇನ್ನೊಂದು ಎಲೆ ಬೇಕಾದ ಕೈ), ಇಲ್ಲವೇ 10ರ ಜೋಡಿ ಇದ್ದವರ ಎದುರು ನೀವು ಚೆನ್ನಾಗಿ ಮುಂದಿದ್ದೀರಿ, ನಿಜ. ಆದರೆ ಚಿಪ್ಸ್ ಜಾಸ್ತಿ ಆದಷ್ಟೂ ಇಂಥವರು ಕಡಿಮೆ ಆಗುತ್ತಾ ಹೋಗುತ್ತಾರೆ.

ನಿಮ್ಮ ಮುಂದೆ 400 ಮಾತ್ರ ಉಳಿದಿದ್ದರೆ ಮಾತು ಬೇರೆ. ಪಾಟ್ ಆಗಲೇ 340 ಆಗಿದೆ. ಯೋಚನೆ ಮಾಡದೆ ಎಲ್ಲ ಇಟ್ಟುಬಿಡಿ.

ಅದೇ ಜಾಕಿ-10 ನಿಮ್ಮ ಕೈಯಲ್ಲಿದ್ದರೆ? ಆಗ ರೀ-ರೇಸ್‌ಗೆ ನಿಜವಾದ ಬೆಲೆ. 450ಕ್ಕೆ ಏರಿಸಿದರೆ ನೀವು ಹೊಸದಾಗಿ ಹಾಕುವುದು 390, ಗೆಲ್ಲಲು ಇರುವುದು 340. ಕೈಯಲ್ಲಿ ಏನೂ ಇಲ್ಲದೆ ಸುಮ್ನೆ ಬ್ಲಫ್ ಮಾಡಿದರೆ ನೂರಕ್ಕೆ 53ಕ್ಕಿಂತ ಜಾಸ್ತಿ ಸಲ ಅವರು ಎಲೆ ಬಿಡಬೇಕು. 15 ಎಲೆಯ ಡ್ರಾ ಇದ್ದರೆ ಅಷ್ಟು ಸಲ ಬಿಡಬೇಕಾಗಿಲ್ಲ. ಅವರು ಕಾಲ್ ಮಾಡಿದರೂ ನಿಮಗೆ ಗೆಲ್ಲುವ ದಾರಿ ಉಳಿದಿರುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ನನ್ನ ಜೊತೆ ಕೂರುವವರು ಹೆಚ್ಚಿನವರು ತೀನ್ ಪತ್ತಿಯಿಂದ ಬಂದವರು. ಪ್ಯಾಕ್ ಮಾಡುವುದು (ಎಲೆ ಬಿಡುವುದು) ಅವರಿಗೆ ಅವಮಾನ ಇದ್ದಂತೆ. ಇಂಥವರ ಎದುರು ಖಾಲಿ ಕೈಯಲ್ಲಿ ರೀ-ರೇಸ್ ದಯವಿಟ್ಟು ಬೇಡ. ಸೆಟ್ ಸಿಕ್ಕಾಗ ಮಾತ್ರ ಧಾರಾಳವಾಗಿ ಏರಿಸಿ, ಅವರು ಕಾಲ್ ಮಾಡೇ ಮಾಡುತ್ತಾರೆ.

ರಾಜ-7-2, ಮೂರೂ ಬೇರೆ ಬೇರೆ ಜಾತಿಯ ಎಲೆ, ಅಂಥ ಒಣ ಫ್ಲಾಪ್ ಬಿದ್ದರೂ ಎಕ್ಕದ ಜೋಡಿಗೆ ಕಾಲೇ ಸರಿ. ಏರಿಸಿದರೆ ಬ್ಲಫ್ ಮಾಡುತ್ತಿದ್ದವರು ಓಡಿಹೋಗುತ್ತಾರೆ, ಅಲ್ವಾ?

ಆ್ಯಪ್‌ನಲ್ಲಿ ಹಣ ಕಟ್ಟಿ ಅಭ್ಯಾಸ ಮಾಡಲಾ ಅಂತಲೂ ಕೇಳಿದ್ದೀರಿ. ಬೇಡವೇ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ರೂಮಿನಲ್ಲೇ ಆಡಿ. ಫ್ಲಾಪ್‌ನಲ್ಲಿ ಯಾರು ಎಷ್ಟಕ್ಕೆ ಏರಿಸಿದರು, ಕೊನೆಗೆ ಏನು ತೋರಿಸಿದರು ಅಂತ ಒಂದು ವಹಿಯಲ್ಲಿ ಬರೆದಿಡಿ. ನಿಮ್ಮ ಗೆಳೆಯರಲ್ಲಿ ಯಾರು ಬರೀ ಸೆಟ್ ಇದ್ದಾಗ ಏರಿಸುತ್ತಾರೆ, ಯಾರು ಡ್ರಾ ಇದ್ದಾಗಲೂ ಏರಿಸುತ್ತಾರೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.