ಮಗ್‌ಸಾಯ್‌ಸಾಯ್ ಅಂದರೆ ಬಿಡಿಸಿ ಹೇಳುವುದು

ಶಿವಮೊಗ್ಗ ಕಡೆಯ ಓದುಗರೊಬ್ಬರ ಪತ್ರ ಹೀಗಿದೆ: “ಮಗಳು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕನ್ನಡಿಗರ ಪಟ್ಟಿ ಬಾಯಿಪಾಠ ಮಾಡುವಾಗ, ‘ಅಮ್ಮಾ, ಮ್ಯಾಗ್ಸೆಸೆ ಅಂದ್ರೆ ಏನು?’ ಎಂದಳು. ಫಿಲಿಪ್ಪೀನ್ಸ್ ದೇಶದ ಅಧ್ಯಕ್ಷರ ಹೆಸರು ಎಂದೆ. ‘ಅದು ಗೊತ್ತು, ಅರ್ಥ ಏನು?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಅದು ಊರಿನ ಹೆಸರೇ, ಜಾತಿಯ ಹೆಸರೇ? ಸ್ಪೇನಿನವರು ಕೊಟ್ಟದ್ದೇ? ಅಲ್ಲಿ ಆ ಹೆಸರಿನವರು ಜಾಸ್ತಿ ಇದ್ದಾರೆಯೇ?”

ನಿಮ್ಮ ಮಗಳ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ. ಈ ಹೆಸರನ್ನು ನಮ್ಮ ಪುಟಗಳಲ್ಲಿ ಎಷ್ಟು ಸಲ ಅಚ್ಚು ಹಾಕಿದ್ದೇವೋ ಲೆಕ್ಕವಿಲ್ಲ. ಅರ್ಥವನ್ನು ಒಮ್ಮೆಯೂ ಹೇಳಿಲ್ಲ.

ಅದು ಊರೂ ಅಲ್ಲ, ಜಾತಿಯೂ ಅಲ್ಲ, ಸ್ಪೇನಿನದೂ ಅಲ್ಲ. ಫಿಲಿಪ್ಪೀನ್ಸಿನ ತಗಲಾಗ್ ಭಾಷೆಯ ಒಂದು ಕ್ರಿಯಾಪದ. ನಾವು ‘ಮ್ಯಾಗ್ಸೆಸೆ’ ಎನ್ನುವುದು ಅಲ್ಲಿಯವರ ಬಾಯಲ್ಲಿ ‘ಮಗ್‌ಸಾಯ್‌ಸಾಯ್’. ‘ಸಾಯ್‌ಸಾಯ್’ ಎಂದರೆ ಅರ್ಥ, ಬೆಲೆ, ಹೇಳಿಕೆ. ಅದರ ಮುಂದೆ ‘ಮಗ್’ ಸೇರಿದರೆ ‘ಬಿಡಿಸಿ ಹೇಳು, ನಡೆದದ್ದನ್ನು ವಿವರಿಸು’ ಎಂದಾಗುತ್ತದೆ. ಸತ್ವವಿಲ್ಲದ ಮಾತಿಗೆ ಅಲ್ಲಿಯ ಜನ ‘ವಲಾಂಗ್ ಸಾಯ್‌ಸಾಯ್’ ಎನ್ನುತ್ತಾರೆ. ಚರಿತ್ರೆಗೆ ಅವರ ಪದ ‘ಕಸಾಯ್‌ಸಾಯನ್’. ಅದೂ ಇದೇ ಬೇರಿನಿಂದ ಹುಟ್ಟಿದ್ದು. ಹೇಳುವುದಕ್ಕೂ ಅರ್ಥಕ್ಕೂ ಚರಿತ್ರೆಗೂ ಒಂದೇ ಬೇರು! ಇದು ತಿಳಿದ ಮೇಲೆ ನನಗಂತೂ ಆ ಪ್ರಶಸ್ತಿಯ ಹೆಸರು ಮೊದಲಿನ ಹಾಗೆ ಕೇಳಿಸುತ್ತಿಲ್ಲ.

ಸ್ಪೇನಿನ ಬಗ್ಗೆ ನೀವು ಕೇಳಿದ್ದು ಸರಿಯಾಗಿಯೇ ಇದೆ. ಫಿಲಿಪ್ಪೀನ್ಸಿನ ಅಡ್ಡಹೆಸರುಗಳ ಕಥೆ ಸ್ಪೇನನ್ನು ಬಿಟ್ಟು ಮುಂದೆ ಹೋಗುವುದಿಲ್ಲ. 1849ರ ನವೆಂಬರ್ 21ರಂದು ಅಲ್ಲಿನ ಸ್ಪ್ಯಾನಿಷ್ ಗವರ್ನರ್ ಜನರಲ್ ನಾರ್ಸಿಸೋ ಕ್ಲಾವೆರಿಯಾ ಒಂದು ಆಜ್ಞೆ ಹೊರಡಿಸಿದರು. ಎಲ್ಲರಿಗೂ ಕಾಯಂ ಅಡ್ಡಹೆಸರು ಇರಬೇಕು, ಅದು ಅಪ್ಪನಿಂದ ಮಕ್ಕಳಿಗೆ ಬರಬೇಕು ಎಂದು. ಅಲ್ಲಿಯವರೆಗೆ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಹೆಸರಿರುತ್ತಿತ್ತು. ಇನ್ನೊಂದು ಕಡೆ, ಕ್ರೈಸ್ತರಾದವರಲ್ಲಿ ಸಾವಿರಾರು ಮಂದಿ ಭಕ್ತಿಯಿಂದ ದೆ ಲಾ ಕ್ರೂಸ್, ದೆ ಲೋಸ್ ಸಾಂತೋಸ್ ಎಂದು ಇಟ್ಟುಕೊಂಡಿದ್ದರು. ಮೊದಲನೆಯದು ‘ಶಿಲುಬೆಯ’ ಎಂದು, ಎರಡನೆಯದು ‘ಸಂತರ’ ಎಂದು. ಯಾರು ಯಾರ ಮಗ, ಯಾರು ಕಂದಾಯ ಕಟ್ಟಿದರು, ಯಾರು ತಪ್ಪಿಸಿಕೊಂಡರು ಎಂದು ಸರ್ಕಾರಕ್ಕೆ ಗೊತ್ತಾಗುತ್ತಿರಲಿಲ್ಲ.

ಅದಕ್ಕೇ ಅವರು ಒಂದು ಪುಸ್ತಕ ಮಾಡಿಸಿದರು. ಅಕಾರಾದಿಯಲ್ಲಿ ಸುಮಾರು 61,000 ಹೆಸರುಗಳು. ಅದರ ಹಾಳೆಗಳನ್ನು ಪ್ರಾಂತ್ಯಗಳಿಗೆ ಹಂಚಿದರು. ಪ್ರಾಂತ್ಯದವರು ಊರುಗಳಿಗೆ ಹಂಚಿದರು. ಊರಿಗೆ ಬಂದ ಹಾಳೆಯಲ್ಲಿ ಇದ್ದದ್ದರಲ್ಲೇ ಮನೆಯ ಯಜಮಾನ ಒಂದನ್ನು ಆರಿಸಿಕೊಳ್ಳಬೇಕು. ಅಲ್ಬಾಯ್ ಪ್ರಾಂತ್ಯದ ಓಆಸ್ ಎಂಬ ಊರಿಗೆ ‘ಆರ್’ ಅಕ್ಷರ ಬಂತು. ಇವತ್ತಿಗೂ ಆ ಊರಿನ ಹಳೆಯ ಮನೆತನಗಳ ಹೆಸರು ಹೆಚ್ಚಾಗಿ ‘ಆರ್’ನಿಂದಲೇ ಶುರುವಾಗುತ್ತದೆ. ಹೆಸರು ಕೇಳಿಯೇ ಊರು ಹೇಳಿಬಿಡಬಹುದು. ಪಡಿತರದ ಹಾಗೆ ಹೆಸರು ಹಂಚಿದ ಈ ಸಂಗತಿ ಓದುವಾಗ ನನಗೆ ಸಂಕಟವಾಯಿತು. ಮನುಷ್ಯನಿಗೆ ತನ್ನದು ಅನ್ನಿಸುವ ಮೊದಲ ವಸ್ತು ಹೆಸರೇ ಅಲ್ವಾ?

ಆದರೆ ಆ ಪುಸ್ತಕದಲ್ಲಿ ಸ್ಪ್ಯಾನಿಷ್ ಹೆಸರುಗಳಷ್ಟೇ ಇರಲಿಲ್ಲ. ನಾಡಿನ ಭಾಷೆಗಳ ಪದಗಳೂ ಇದ್ದವು. ಅದೂ ಅಲ್ಲದೆ, ನಾಲ್ಕು ತಲೆಮಾರಿನಿಂದ ಒಂದೇ ಹೆಸರು ಬಳಸುತ್ತಿದ್ದ ಮನೆಯವರು ಅದನ್ನೇ ಉಳಿಸಿಕೊಳ್ಳಬಹುದಿತ್ತು. ಹಾಗಾಗಿ ತಗಲಾಗ್ ಪದಗಳು ಅಡ್ಡಹೆಸರಾಗಿ ಇಂದಿಗೂ ಬದುಕಿವೆ. ಅವುಗಳ ಸೊಗಸು ನೋಡಿ. ದಿಮಾಯುಗಾ ಎಂದರೆ ಅಲುಗಾಡಿಸಲಾಗದವನು. ದಿಮಾಕುಲಾಂಗನ್ ಎಂದರೆ ಕಡಿಮೆ ಮಾಡಲಾಗದವನು. ಇವು ಬತಾಂಗಾಸ್ ಕಡೆ ಜಾಸ್ತಿ. ‘ಮಗ್’ನಿಂದ ಶುರುವಾಗುವ ಹೆಸರುಗಳೂ ಹಲವು: ಮಗ್‌ಪಾಯೋ ಎಂದರೆ ಬುದ್ಧಿ ಹೇಳು, ಮಗ್‌ತಿಬಾಯ್ ಎಂದರೆ ಗಟ್ಟಿಮಾಡು, ಮಗ್‌ತಂಗೋಲ್ ಎಂದರೆ ಕಾಪಾಡು. ಮಗ್‌ಸಾಯ್‌ಸಾಯ್ ಈ ಸಾಲಿನ ಹೆಸರು.

ನನಗೆ ತುಂಬಾ ಹಿಡಿಸಿದ್ದು ಅಧ್ಯಕ್ಷರ ಮನೆಯ ಹೆಸರುಗಳೇ. ರಮೋನ್ ಮಗ್‌ಸಾಯ್‌ಸಾಯ್ ಹುಟ್ಟಿದ್ದು 1907ರ ಆಗಸ್ಟ್ 31ರಂದು, ಸಾಂಬಾಲೆಸ್ ಪ್ರಾಂತ್ಯದ ಈಬಾದಲ್ಲಿ. ತಂದೆ ಕಮ್ಮಾರ, ತಾಯಿ ಶಾಲಾ ಮೇಡಂ. ಫಿಲಿಪ್ಪೀನ್ಸಿನಲ್ಲಿ ತಾಯಿಯ ತವರಿನ ಅಡ್ಡಹೆಸರು ಮಕ್ಕಳ ಹೆಸರಿನ ನಡುವೆ ಬಂದು ಕೂರುತ್ತದೆ. ಅದು ಬಹಳ ಒಳ್ಳೆಯ ಪದ್ಧತಿ, ತವರು ಮರೆಯಾಗುವುದಿಲ್ಲ. ಇವರ ಪೂರ್ತಿ ಹೆಸರು ರಮೋನ್ ದೆಲ್ ಫಿಯೆರ್ರೋ ಮಗ್‌ಸಾಯ್‌ಸಾಯ್. ‘ದೆಲ್ ಫಿಯೆರ್ರೋ’ ಸ್ಪ್ಯಾನಿಷ್, ‘ಕಬ್ಬಿಣದ’ ಎಂದು ಅರ್ಥ. ಕಬ್ಬಿಣ ಬಡಿಯುವವರ ಮನೆಗೆ ಕಬ್ಬಿಣದ ಹೆಸರಿನ ಸೊಸೆ ಬಂದರು!

ಇನ್ನೊಂದು ಮೆಟ್ಟಿಲು ಹಿಂದೆ ಹೋಗಿ. ತಂದೆಯ ಪೂರ್ತಿ ಹೆಸರು ಎಸೆಕಿಯೆಲ್ ದೆ ಲೋಸ್ ಸಾಂತೋಸ್ ಮಗ್‌ಸಾಯ್‌ಸಾಯ್. ಅಂದರೆ ತಂದೆಯ ತಾಯಿಯ ಕಡೆಯಿಂದ ಬಂದದ್ದು, ಗವರ್ನರಿಗೆ ತಲೆನೋವು ತಂದಿದ್ದ ಅದೇ ‘ಸಂತರ’ ಹೆಸರು. ತಾಯಿಯ ಪೂರ್ತಿ ಹೆಸರು ಪೆರ್ಫೆಕ್ತಾ ಕಿಮ್ಸೋನ್ ದೆಲ್ ಫಿಯೆರ್ರೋ. ಕಿಮ್ಸೋನ್ ಚೀನಾ ಮೂಲದ್ದು. ಫಿಲಿಪ್ಪೀನ್ಸಿನಲ್ಲಿ ‘ಸೋನ್’ ಎಂದು ಮುಗಿಯುವ ಇಂಥ ಹೆಸರುಗಳನ್ನು ಇಂಗ್ಲಿಷಿನ ‘ಮಗ’ ಎಂದುಕೊಳ್ಳಬೇಡಿ. ಅದು ದಕ್ಷಿಣ ಚೀನಾದ ಹೊಕ್ಕಿಯೆನ್ ಮಾತಿನ ‘ಮೊಮ್ಮಗ’. ತುವಾಸೋನ್ ಎಂದರೆ ಹಿರಿ ಮೊಮ್ಮಗ, ದಿಸೋನ್ ಎಂದರೆ ಎರಡನೇ ಮೊಮ್ಮಗ. ಅಜ್ಜಿಯರವರೆಗೆ ಹೋದರೆ ಸಾಕು, ತಗಲಾಗ್, ಚರ್ಚು, ಸ್ಪೇನ್, ಚೀನಾ ನಾಲ್ಕೂ ಒಂದೇ ಮನೆಯಲ್ಲಿ ಸಿಗುತ್ತವೆ.

ಆ ಹೆಸರಿನವರು ಜಾಸ್ತಿ ಇದ್ದಾರೆಯೇ ಎಂದು ಕೇಳಿದ್ದೀರಿ. ಇಲ್ಲ, ಅದು ಅಪರೂಪದ ಹೆಸರು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗೆ ಇರುವುದು ದೆಲಾ ಕ್ರೂಸ್. ಗಾರ್ಸಿಯಾ, ರೇಯೆಸ್, ರಾಮೋಸ್, ಸಾಂತೋಸ್ ಕೂಡ ಎಲ್ಲೆಲ್ಲೂ ಸಿಗುತ್ತವೆ. ದೆಲಾ ಕ್ರೂಸ್ ಎಷ್ಟು ಬಳಕೆಯಲ್ಲಿದೆ ಎಂದರೆ, ಪತ್ರಿಕೆಗಳ ವ್ಯಂಗ್ಯಚಿತ್ರದ ಶ್ರೀಸಾಮಾನ್ಯನ ಹೆಸರೇ ‘ಹುವಾನ್ ದೆಲಾ ಕ್ರೂಸ್’. ನಮ್ಮ ಮೈಸೂರಿನಲ್ಲಿ ಹುಟ್ಟಿ ಶ್ರೀಸಾಮಾನ್ಯನನ್ನು ಬರೆದ ಆರ್.ಕೆ. ಲಕ್ಷ್ಮಣ್ 1984ರಲ್ಲಿ ಇದೇ ಪ್ರಶಸ್ತಿ ಪಡೆದರು ಎಂದು ಮಗಳಿಗೆ ನೆನಪಿಸಿ. ಮಗ್‌ಸಾಯ್‌ಸಾಯ್ ಹೆಸರಿನವರು ಕಡಿಮೆ, ಆದರೆ ಅದನ್ನು ಹೊತ್ತ ಊರುಗಳು ಹಲವು. ದಾವಾವೋ ದೆಲ್ ಸುರ್, ಪಲಾವಾನ್, ಮಿಸಾಮಿಸ್ ಓರಿಯೆಂತಾಲ್ ಪ್ರಾಂತ್ಯಗಳಲ್ಲಿ ಆ ಹೆಸರಿನ ಊರುಗಳಿವೆ. 1957ರ ಮಾರ್ಚ್ 17ರಂದು ಸೆಬು ದ್ವೀಪದ ಮನುಂಗಾಲ್ ಬೆಟ್ಟದಲ್ಲಿ ವಿಮಾನ ಬಿದ್ದು ಅಧ್ಯಕ್ಷ ಮಗ್‌ಸಾಯ್‌ಸಾಯ್ ತೀರಿಕೊಂಡರು. ವಿಮಾನದಲ್ಲಿದ್ದ 26 ಜನರಲ್ಲಿ ಬದುಕಿದ್ದು ಒಬ್ಬ ಪತ್ರಕರ್ತ ಮಾತ್ರ. ಅದೇ ವರ್ಷ ಅವರ ಹೆಸರಿನಲ್ಲಿ ಪ್ರಶಸ್ತಿ ಶುರುವಾಯಿತು. 1958ರ ಮೊದಲ ಪುರಸ್ಕೃತರಲ್ಲಿ ನಮ್ಮ ವಿನೋಬಾ ಭಾವೆ ಇದ್ದರು.

ಇನ್ನು ನೀವು ಕೇಳದ ಒಂದು ಮಾತು. ‘ಮ್ಯಾಗ್ಸೆಸೆ’ ಎನ್ನುವುದು ಇಂಗ್ಲಿಷ್ ಕಾಗುಣಿತ ನೋಡಿ ನಾವು ಮಾಡಿಕೊಂಡ ಉಚ್ಚಾರಣೆ. ಅಲ್ಲಿಯ ಬಾಯಲ್ಲಿ ಅದು ‘ಮಗ್‌ಸಾಯ್‌ಸಾಯ್’. ಇದಕ್ಕೆ ಸಾಕ್ಷಿಯೂ ಇದೆ. 1953ರ ಚುನಾವಣೆಯಲ್ಲಿ ಅವರ ಕಡೆಯವರ ಘೋಷಣೆ ‘ಮಗ್‌ಸಾಯ್‌ಸಾಯ್ ಈಸ್ ಮೈ ಗೈ’. ‘ಸೆಸೆ’ ಎಂದು ಓದಿದರೆ ಪ್ರಾಸವೇ ಕೂಡುವುದಿಲ್ಲ.

1991ರಲ್ಲಿ ಈ ಪ್ರಶಸ್ತಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಬಂದಿತ್ತು. ನಿಮ್ಮ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೂತು ನಾಟಕ, ಸಿನಿಮಾ, ಪುಸ್ತಕಗಳ ಮೂಲಕ ಜನರಿಗೆ ಲೋಕವನ್ನು ಬಿಡಿಸಿ ಹೇಳುತ್ತ ಬಂದವರಿಗೆ ‘ಬಿಡಿಸಿ ಹೇಳು’ ಎಂಬ ಹೆಸರಿನ ಪ್ರಶಸ್ತಿ. ಮಗಳ ಪಟ್ಟಿಯಲ್ಲಿ ಈ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಅರ್ಥ ಬರೆದುಕೊಳ್ಳಲಿ. ಪರೀಕ್ಷೆಯಲ್ಲಿ ಮಾತ್ರ ‘ಮ್ಯಾಗ್ಸೆಸೆ’ ಎಂದೇ ಬರೆಯಲಿ, ಸುಮ್ನೆ ಅಂಕ ಕಳೆದುಕೊಳ್ಳುವುದು ಬೇಡ. ನಾವು ಈ ಸಂಚಿಕೆಯಿಂದ ‘ಮಗ್‌ಸಾಯ್‌ಸಾಯ್’ ಎಂದು ಅಚ್ಚು ಮಾಡುತ್ತೇವೆ. ಓದುಗರಿಗೆ ರೂಢಿಯಾಗುವವರೆಗೆ ಹಳೆಯ ರೂಪವನ್ನೂ ಪಕ್ಕದಲ್ಲಿ ಕೊಡುತ್ತೇವೆ.

— ಸಂಪಾದಕ