ಬಿಪಿ ಇಳಿಸುವ ಔಷಧಿಯಿಂದ ತಲೆಬುರುಡೆಯೊಳಗಿನ ಒತ್ತಡವೂ ಇಳಿಯುತ್ತದೆಯೇ?

ಇಳಿಯಲೇಬೇಕೆಂದಿಲ್ಲ, ಕೆಲವು ಔಷಧಿಗಳಿಂದ ಏರುವುದೂ ಉಂಟು. ಬುರುಡೆ ಹಿಗ್ಗುವುದಿಲ್ಲ. ಮಿದುಳು, ರಕ್ತ, ಮಿದುಳಿನ ಸುತ್ತಲಿನ ದ್ರವ ಮೂರೂ ಅಷ್ಟೇ ಜಾಗದಲ್ಲಿ ಹೊಂದಿಕೊಂಡಿರಬೇಕು. ಮಲಗಿರುವ ವಯಸ್ಕರಲ್ಲಿ ಅಲ್ಲಿನ ಒತ್ತಡ ಸುಮಾರು 7ರಿಂದ 15 ಮಿ.ಮೀ. ಪಾದರಸ.

ನೈಟ್ರೋಪ್ರುಸೈಡ್, ನೈಟ್ರೋಗ್ಲಿಸರಿನ್, ಹೈಡ್ರಲಜೀನ್ ಎಂಬ ಬಿಪಿ ಔಷಧಿಗಳು ಮಿದುಳಿನ ರಕ್ತನಾಳಗಳನ್ನೂ ಹಿಗ್ಗಿಸಬಲ್ಲವು. ಆಗ ಬುರುಡೆಯೊಳಗೆ ರಕ್ತದ ಪಾಲು ಹೆಚ್ಚುತ್ತದೆ. ಆರೋಗ್ಯವಂತರಲ್ಲಿ ದ್ರವ ಬೆನ್ನುಹುರಿಯ ಕಡೆಗೆ ಸರಿದು ಜಾಗ ಬಿಡುತ್ತದೆ. ಗಡ್ಡೆ, ರಕ್ತಸ್ರಾವ ಅಥವಾ ಪೆಟ್ಟಿನಿಂದ ಮಿದುಳು ಊದಿಕೊಂಡವರಲ್ಲಿ ಸರಿಯಲು ಜಾಗವೇ ಉಳಿದಿರುವುದಿಲ್ಲ. ತುಸು ರಕ್ತ ಹೆಚ್ಚಿದರೂ ಒತ್ತಡ ಸರ್ರನೆ ಏರಬಹುದು. ಅಂಥವರಿಗೆ ಸಾಮಾನ್ಯವಾಗಿ ಲ್ಯಾಬೆಟಲಾಲ್ ಅಥವಾ ನಿಕಾರ್ಡಿಪೀನ್ ಆರಿಸುತ್ತಾರೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಅಪಾಯ ಬಿಪಿಯನ್ನು ಅತಿಯಾಗಿ ಇಳಿಸುವುದು. ಮಿದುಳಿಗೆ ರಕ್ತ ತಳ್ಳುವ ಬಲವೆಂದರೆ ಸರಾಸರಿ ಬಿಪಿಯಿಂದ ಬುರುಡೆಯೊಳಗಿನ ಒತ್ತಡವನ್ನು ಕಳೆದು ಉಳಿದದ್ದು. ಸರಾಸರಿ ಬಿಪಿ 90, ಒಳಗಿನ ಒತ್ತಡ 25 ಇದ್ದರೆ ಬಲ 65. ಬಿಪಿಯನ್ನು 70ಕ್ಕೆ ತಂದರೆ ಉಳಿಯುವುದು 45. ತಲೆಗೆ ತೀವ್ರ ಪೆಟ್ಟಾದವರಲ್ಲಿ ವೈದ್ಯರು ಈ ಬಲವನ್ನು ಕಾಯ್ದುಕೊಳ್ಳುವುದು 60ರಿಂದ 70ರಲ್ಲಿ. ರಕ್ತ ಸಾಲದಾದಾಗ ಮಿದುಳಿನ ನಾಳಗಳು ತಾವೇ ಹಿಗ್ಗುತ್ತವೆ, ಬುರುಡೆಯೊಳಗಿನ ಒತ್ತಡ ಮತ್ತೆ ಏರುತ್ತದೆ. ಇನ್ನು ಬಿಪಿ ಏರಿ ನಾಡಿ ನಿಧಾನವಾಗಿದ್ದರೆ, ಮಿದುಳು ರಕ್ತಕ್ಕಾಗಿ ಹೆಣಗುತ್ತಿರುವ ಸೂಚನೆಯೂ ಅದಾಗಿರಬಹುದು. ಅಲ್ಲಿ ಬಿಪಿಯನ್ನಷ್ಟೇ ಗುರಿಯಾಗಿಸುವುದು ತಪ್ಪು.

ಮನೆಯಲ್ಲಿ ದಿನವೂ ಆಮ್ಲೋಡಿಪೀನ್ ನುಂಗುವವರು ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಮಿದುಳಿನ ಕಾಯಿಲೆ ಇಲ್ಲದವರಿಗೆ ಈ ಲೆಕ್ಕಾಚಾರ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.