ಕೂಲೆಂಟ್ ಇಳಿಯುತ್ತಿದೆ, ನೆಲದ ಮೇಲೆ ಹನಿಯೂ ಇಲ್ಲ: ಸೋರಿಕೆ ಹುಡುಕುವುದು ಹೇಗೆ?

ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಹೋಗಿಬಂದಾಗಲೆಲ್ಲ ರಿಸರ್ವ್ ಟ್ಯಾಂಕಿನ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಕೆಳಗಿನ ಗೆರೆಗಿಂತ ಇಳಿದಿರುತ್ತದೆ. ಆದರೆ ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಮೆಕ್ಯಾನಿಕ್ ‘ನೀರು ತುಂಬಿಸುತ್ತಿರಿ, ಏನೂ ಆಗುವುದಿಲ್ಲ’ ಎನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ.

ದಯವಿಟ್ಟು ಆ ಮಾತು ಕೇಳಬೇಡಿ. ಕೂಲೆಂಟ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಪದೇ ಪದೇ ಕಡಿಮೆಯಾಗುತ್ತಿದ್ದರೆ ಒಂದೋ ಹೊರಗೆ ಸೋರುತ್ತಿದೆ, ಇಲ್ಲವೇ ಎಂಜಿನ್ನಿನ ಒಳಗೆ ಸೇರುತ್ತಿದೆ. ಬರೀ ನೀರು ತುಂಬಿಸುತ್ತ ಹೋದರೆ ತುಕ್ಕು ತಡೆಯುವ ರಾಸಾಯನಿಕಗಳು ತೆಳುವಾಗುತ್ತವೆ, ಕುದಿಯುವ ಮಟ್ಟವೂ ತಗ್ಗುತ್ತದೆ.

ಹನಿ ಏಕೆ ಕಾಣುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಬಿಸಿಯಾದ ಎಂಜಿನ್ನಿನಲ್ಲಿ ಕೂಲೆಂಟ್ ಕುಕ್ಕರಿನೊಳಗಿನ ನೀರಿನಂತೆ ಒತ್ತಡದಲ್ಲಿರುತ್ತದೆ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುವುದು ಆ ಒತ್ತಡದ ಮಿತಿ, ಬಾರ್ ಲೆಕ್ಕದಲ್ಲಿ. ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಕೂದಲೆಳೆಯಷ್ಟು ಸಣ್ಣ ಬಿರುಕು ಘಾಟಿ ಹತ್ತುವಾಗ ಬಾಯಿ ಬಿಡುತ್ತದೆ. ಹೊರಬಂದ ಕೂಲೆಂಟ್ ಕಾದ ಲೋಹಕ್ಕೆ ತಗುಲಿ, ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಉಳಿಯುವುದು ಕಲೆ ಮಾತ್ರ. ಆದ್ದರಿಂದ ಹನಿಯನ್ನಲ್ಲ, ಕಲೆಯನ್ನು ಹುಡುಕಿ.

ರಾತ್ರಿಯಿಡೀ ನಿಂತು ತಣ್ಣಗಾದ ಕಾರಿನ ಬಾನೆಟ್ ತೆರೆದು, ಒಳ್ಳೆಯ ಟಾರ್ಚ್ ಹಿಡಿದು ನಿಧಾನವಾಗಿ ನೋಡಿ. ಕೂಲೆಂಟ್ ಒಣಗಿದ ಕಡೆ ಹಸಿರು, ಗುಲಾಬಿ ಅಥವಾ ಬಿಳಿಯ ಪುಡಿಪುಡಿ ಪೊರೆ ಕಟ್ಟಿರುತ್ತದೆ. ಹೋಸ್‌ಗಳ ತುದಿಯಲ್ಲಿ ಕ್ಲಿಪ್ ಕಚ್ಚಿರುವ ಜಾಗ, ಥರ್ಮೋಸ್ಟ್ಯಾಟ್‌ನ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿಯಬಿಡುವ ಕವಾಟ) ಹೊರಕವಚ, ರೇಡಿಯೇಟರಿನ ಅಂಚುಗಳು ಇವೆಲ್ಲವನ್ನೂ ನೋಡಿ. ನನ್ನ ಕಾರಿನಲ್ಲಿ ಅದು ಸಿಕ್ಕಿದ್ದು ರೇಡಿಯೇಟರಿನ ಅಲ್ಯೂಮಿನಿಯಂ ಭಾಗ ಮತ್ತು ಪ್ಲಾಸ್ಟಿಕ್ ಟ್ಯಾಂಕ್ ಕೂಡುವ ಅಂಚಿನಲ್ಲಿ. ಲೋಹದ ಹಲ್ಲುಗಳನ್ನು ಮಡಚಿ ಪ್ಲಾಸ್ಟಿಕ್ಕನ್ನು ಹಿಡಿದಿಟ್ಟಿರುತ್ತಾರಲ್ಲ, ಆ ಸಾಲಿನ ಕೆಳಗೆ ಉಗುರಿನಷ್ಟು ಅಗಲದ ಗುಲಾಬಿ ಗೆರೆ. ಫ್ಯಾನಿನ ಕವಚದ ಹಿಂದೆ ಇದ್ದುದರಿಂದ ಮೇಲಿನಿಂದ ಕಾಣುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಪೆಡಸಾಗಿ ಬಿರಿಯುವುದು ಹಳೆಯ ಕಾರುಗಳಲ್ಲಿ ಬಹಳ ಸಾಮಾನ್ಯ.

ವಾಟರ್ ಪಂಪನ್ನೂ ಬಿಡಬೇಡಿ. ಅದರ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದಾಗ ಕೂಲೆಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಎಂದು ಬೇಕೆಂದೇ ಬಿಟ್ಟ ತೂತು ಅದು. ಅದರ ಕೆಳಗೆ ಬಣ್ಣದ ಧಾರೆ ಒಣಗಿದ್ದರೆ ಪಂಪನ್ನು ಬದಲಿಸಲೇಬೇಕು. ತೂತು ಮುಚ್ಚಿಸಲು ಹೋಗಬೇಡಿ. ಪಂಪ್ ಟೈಮಿಂಗ್ ಬೆಲ್ಟಿನಿಂದ ತಿರುಗುವ ಕಾರಾದರೆ ಬೆಲ್ಟನ್ನೂ ಜೊತೆಗೇ ಬದಲಿಸಿ, ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು, ಮುಂದಿನ ಸೀಟಿನ ಕಾಲಡಿಯ ಹಾಸು ಒದ್ದೆ ಇದ್ದರೆ ಹೀಟರ್ ಕೋರ್, ಅಂದರೆ ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್, ಸೋರುತ್ತಿದೆ. ಎಸಿ ಹಾಕಿದಾಗ ಕಾರಿನಡಿ ಬೀಳುವ ಬಣ್ಣವಿಲ್ಲದ ನೀರಿಗೆ ಮಾತ್ರ ಗಾಬರಿಯಾಗಬೇಡಿ.

ಕಣ್ಣಿಗೆ ಏನೂ ಬೀಳದಿದ್ದರೆ ಪ್ರೆಷರ್ ಟೆಸ್ಟ್ ಮಾಡಿಸಿ. ತಣ್ಣಗಿನ ಎಂಜಿನ್ನಿನ ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಮೀಟರ್ ಇರುವ ಕೈಪಂಪ್ ಜೋಡಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಮುಳ್ಳು ಇಳಿದರೆ ಸೋರಿಕೆ ಇದೆ ಎಂದರ್ಥ, ಮತ್ತು ಆವಿಯಾಗುವಷ್ಟು ಬಿಸಿ ಇಲ್ಲದ ಕಾರಣ ಈ ಸಲ ಹನಿ ಕಣ್ಣೆದುರೇ ಕಾಣುತ್ತದೆ. ನಿಮ್ಮ ಘಾಟಿಯ ಸ್ಥಿತಿಯನ್ನು ಗ್ಯಾರೇಜಿನಲ್ಲಿ ನಿಂತೇ ಸೃಷ್ಟಿಸುವ ದಾರಿ ಇದೊಂದೇ ಎಂದು ನನ್ನ ಅಭಿಪ್ರಾಯ. ಮುಚ್ಚಳವನ್ನೂ ಇದೇ ಪಂಪಿನಲ್ಲಿ ಪರೀಕ್ಷಿಸಲು ಹೇಳಿ. ಅದರ ರಬ್ಬರ್ ಸವೆದಿದ್ದರೆ ಒತ್ತಡವೇ ನಿಲ್ಲುವುದಿಲ್ಲ. ಅತಿ ಕಡಿಮೆ ಖರ್ಚಿನ ರಿಪೇರಿಯೂ ಅದೇ.

ಮುಳ್ಳು ಇಳಿಯುತ್ತಿದೆ, ಹೊರಗೆ ಎಲ್ಲೂ ಒದ್ದೆಯಿಲ್ಲ ಎಂದಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೇಲೆ ಅನುಮಾನಪಡಬೇಕು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗುವುದು, ರಿಸರ್ವ್ ಟ್ಯಾಂಕಿನಲ್ಲಿ ಎಡೆಬಿಡದೆ ಗುಳ್ಳೆ ಏಳುವುದು ಇದರ ಲಕ್ಷಣಗಳು. ಇಂಥ ಲಕ್ಷಣ ಕಂಡರೆ ಕಾರು ಓಡಿಸುವುದನ್ನು ನಿಲ್ಲಿಸಿ.

ರಿಪೇರಿಯಲ್ಲಿ ಒಂದೇ ಮಾತು: ಬಿರಿದ ಟ್ಯಾಂಕಿಗೆ ಎಂ-ಸೀಲ್ ಮೆತ್ತುವುದು, ಸೋರಿಕೆ ಮುಚ್ಚುತ್ತದೆಂದು ಮಾರುವ ಪುಡಿ ಸುರಿಯುವುದು ಬೇಡ. ಆ ಪುಡಿ ಬಿರುಕಿನ ಜೊತೆ ಹೀಟರಿನ ಸಣ್ಣ ಕೊಳವೆಗಳನ್ನೂ ಕಟ್ಟಿಹಾಕಬಹುದು. ಹೋಸ್ ಕೈಗೆ ಮೆತ್ತಗಾಗಿದ್ದರೆ ಅಥವಾ ಉಬ್ಬಿದ್ದರೆ ಕ್ಲಿಪ್ ಸಮೇತ ಹೊಸದು ಹಾಕಿಸಿ.

ಕೂಲೆಂಟ್ ತುಂಬಿಸುವಾಗ ನಿಮ್ಮ ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯದನ್ನೇ ತನ್ನಿ. ಬೇರೆ ಬೇರೆ ಬಗೆಗಳನ್ನು ಬೆರೆಸಬೇಡಿ. ಗಾಢ ದ್ರವವಾದರೆ ಸಾಮಾನ್ಯವಾಗಿ ಸಮಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಬೇಕು. ಬೋರ್‌ವೆಲ್ ನೀರು ಖಂಡಿತ ಬೇಡ, ಅದರ ಸುಣ್ಣದಂಶ ರೇಡಿಯೇಟರಿನ ಒಳಗೆ ಪದರ ಕಟ್ಟುತ್ತದೆ. ತುಂಬಿಸಿದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗುವವರೆಗೂ ಎಂಜಿನ್ ಓಡಿಸಿ ಒಳಗಿನ ಗಾಳಿ ತೆಗೆಯಬೇಕು. ಚೆಲ್ಲಿದ್ದನ್ನು ಕೂಡಲೇ ಒರೆಸಿ ತೊಳೆಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಸಿಹಿಯಾದ್ದರಿಂದ ನಾಯಿಗಳು ನೆಕ್ಕಿಬಿಡುತ್ತವೆ.

ರಿಪೇರಿಯಾಗುವ ತನಕ ಘಾಟಿ ಪ್ರಯಾಣ ಮುಂದೂಡಿ. ಹೋಗಲೇಬೇಕಾಗಿ ಬಂದು ದಾರಿಯಲ್ಲಿ ಎಂಜಿನ್ ಕಾದರೆ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಕುದಿಯುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ಟೆಂಪರೇಚರ್ ಮುಳ್ಳನ್ನು ಪೂರ್ತಿ ನಂಬಬೇಡಿ. ಕೂಲೆಂಟ್ ತೀರಾ ಕಡಿಮೆಯಾದಾಗ ಸೆನ್ಸರ್ ಮುಳುಗಿರುವುದಿಲ್ಲ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಮಧ್ಯದಲ್ಲೇ ನಿಂತಿರಬಹುದು.

ಪ್ರೆಷರ್ ಟೆಸ್ಟಿನಲ್ಲಿ ಮುಳ್ಳು ಎಷ್ಟು ಇಳಿಯಿತು, ಒದ್ದೆ ಎಲ್ಲಿ ಕಂಡಿತು ಎಂದು ಇಲ್ಲಿ ಬರೆಯಿರಿ. ಮುಂದೇನು ಮಾಡಬೇಕೆಂದು ಆಗ ಇನ್ನೂ ಖಚಿತವಾಗಿ ಹೇಳುತ್ತೇನೆ.